ಗೂಬೆ ಕಣ್ಣಿನ ಚಿಟ್ಟೆ ಮುಂಬೈಗೆ ಬರಲ್ಲ, ಅದರ ನಂಟರು ಬರುತ್ತಾರೆ: ಅವರನ್ನು ಕರೆಯುವುದು ಹೇಗೆ?

ಪ್ರತಿ ಮಳೆಗಾಲ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಬಂದೇ ಬರುತ್ತದೆ. ಕಂದು ಬಣ್ಣದ ದೊಡ್ಡ ಚಿಟ್ಟೆ, ರೆಕ್ಕೆಗಳ ಮೇಲೆ ಹಳದಿ ಉಂಗುರದ ಎರಡು ದೊಡ್ಡ ಕಣ್ಣು, ಥೇಟ್ ಗೂಬೆಯ ಮುಖ. ಕೆಳಗೆ ‘ನಮ್ಮ ಸಹ್ಯಾದ್ರಿಯಲ್ಲಿ ಸಿಕ್ಕ ಅಪರೂಪದ ಚಿಟ್ಟೆ’ ಅಂತ ಬರೆದಿರುತ್ತದೆ. ಚಿಟ್ಟೆ ನಿಜ, ಊರು ಸುಳ್ಳು. ಅದು ಔಲ್ ಬಟರ್‌ಫ್ಲೈ, ಕ್ಯಾಲಿಗೋ ಗುಂಪಿನದು. ಮೆಕ್ಸಿಕೋದಿಂದ ಅಮೆಜಾನ್ ಕಾಡಿನವರೆಗೆ ಅದರ ಮನೆ. ರೆಕ್ಕೆ ಬಿಚ್ಚಿದರೆ 13ರಿಂದ 15 ಸೆಂಟಿಮೀಟರ್, ಅಂದರೆ ನಿಮ್ಮ ಅಂಗೈ ಪೂರ್ತಿ ಮುಚ್ಚಿಹೋಗುತ್ತದೆ.

ಇನ್ನೊಂದು ಮಾತು. ಆ ಫೋಟೊದಲ್ಲಿ ಎರಡೂ ಕಣ್ಣು ಒಟ್ಟಿಗೆ ಕಾಣುತ್ತವೆ ಅಲ್ವಾ? ಬದುಕಿರುವ ಚಿಟ್ಟೆ ಹಾಗೆ ಕೂರುವುದಿಲ್ಲ. ಆ ಕಣ್ಣುಗಳು ಇರುವುದು ಹಿಂದಿನ ರೆಕ್ಕೆಯ ಅಡಿಭಾಗದಲ್ಲಿ, ಮತ್ತು ಅದು ಕೂರುವಾಗ ರೆಕ್ಕೆಗಳನ್ನು ಬೆನ್ನ ಮೇಲೆ ಜೋಡಿಸಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಒಂದು ಬದಿಯಿಂದ ಒಂದೇ ದೊಡ್ಡ ಕಣ್ಣು ಕಾಣುತ್ತದೆ. ಗೂಬೆಯ ಮುಖದಂತೆ ಕಾಣಬೇಕಾದರೆ ಸತ್ತ ಚಿಟ್ಟೆಯನ್ನು ರೆಕ್ಕೆ ಬಿಡಿಸಿ, ಮಗುಚಿ ಸೂಜಿ ಚುಚ್ಚಿಟ್ಟಿರಬೇಕು. ನನಗೆ ಇದು ಗೊತ್ತಾದ ದಿನದಿಂದ ಆ ಫೋಟೊ ನೋಡಲು ಮನಸ್ಸೇ ಬರುವುದಿಲ್ಲ.

ಆದರೆ ಈ ಗೂಬೆ ಚಿಟ್ಟೆಯ ಹತ್ತಿರದ ನಂಟರು ಮುಂಬೈಯಲ್ಲೇ ಇದ್ದಾರೆ. ಒಂದೇ ಕುಟುಂಬದವರು, ಅಭ್ಯಾಸವೂ ಹೆಚ್ಚುಕಡಿಮೆ ಒಂದೇ. ಗೂಬೆ ಚಿಟ್ಟೆ ಮುಸ್ಸಂಜೆಯಲ್ಲಿ ಹಾರುತ್ತದೆ, ಕೊಳೆತ ಹಣ್ಣಿನ ರಸ ಹೀರುತ್ತದೆ, ಅದರ ಮರಿಹುಳ ಬಾಳೆ ಎಲೆ ತಿನ್ನುತ್ತದೆ. ನಮ್ಮಲ್ಲಿರುವ ಕಾಮನ್ ಈವ್ನಿಂಗ್ ಬ್ರೌನ್ ಕೂಡ ಮುಸ್ಸಂಜೆಯದೇ, ಹಣ್ಣಿನ ರಸವೇ ಅದರ ಊಟ, ಮರಿಹುಳಕ್ಕೆ ಮಾತ್ರ ಬಾಳೆಯ ಬದಲು ಹುಲ್ಲು. ನಮ್ಮ ಮನೆಯಲ್ಲಿ ಇದಕ್ಕೆ ‘ಸಂಜೆ ಚಿಟ್ಟೆ’ ಅಂತಲೇ ಹೆಸರು. ರೆಕ್ಕೆಯಗಲ 6ರಿಂದ 8 ಸೆಂಟಿಮೀಟರ್, ಮುಂಬೈ ಫ್ಲ್ಯಾಟಿನ ಬಾಲ್ಕನಿಗೆ ಅದೇ ದೊಡ್ಡದು. ನಾವಿರುವುದು ಮುಲುಂಡಿನಲ್ಲಿ, ನೆಲ ಅಂತಸ್ತಿನಲ್ಲಿ. ಹಿಂದೆ ಎಂಟು ಹತ್ತು ಅಡಿ ಮಣ್ಣಿನ ಜಾಗ, ಎರಡು ಬಾಳೆ, ಒಂದು ಪೇರಲೆ. ಅಷ್ಟರಲ್ಲೇ ಆರು ವರ್ಷದಿಂದ ಇವು ಬರುತ್ತಿವೆ.

ಮೊದಲು ಹೂವಿನ ಯೋಚನೆ ಬಿಡಿ

ಚಿಟ್ಟೆ ಅಂದ ಕೂಡಲೇ ಎಲ್ಲರೂ ನರ್ಸರಿಗೆ ಹೋಗಿ ಹೂವಿನ ಕುಂಡ ತರುತ್ತಾರೆ. ನಾನೂ ತಂದೆ. ಹೂವಿಗೆ ಬರುವ ಚಿಟ್ಟೆಗಳು ಬಂದವು, ಸಂತೋಷವೇ. 2015ರಲ್ಲಿ ಮಹಾರಾಷ್ಟ್ರ ತನ್ನ ರಾಜ್ಯ ಚಿಟ್ಟೆ ಎಂದು ಘೋಷಿಸಿದ ಬ್ಲೂ ಮಾರ್ಮನ್ ಕೂಡ ಒಂದೆರಡು ಸಲ ಬಂದುಹೋಯಿತು. ಆದರೆ ಸಂಜೆ ಚಿಟ್ಟೆಗೆ ಹೂವು ಬೇಡ. ಅದಕ್ಕೆ ಬೇಕಾದದ್ದು ಮೂರು: ಕೊಳೆತ ಹಣ್ಣು, ಕತ್ತರಿಸದ ಹುಲ್ಲು, ಗುಡಿಸದೆ ಬಿಟ್ಟ ಒಣ ಎಲೆ. ಅಂದರೆ ನಮ್ಮ ಸೊಸೈಟಿಗಳು ದಿನಾ ಬೆಳಿಗ್ಗೆ ಗುಡಿಸಿ ಎತ್ತಿ ಬಿಸಾಡುವ ಎಲ್ಲವೂ. ಒಂದು ಮೂಲೆಯನ್ನು ಸುಮ್ನೆ ಬಿಟ್ಟುಬಿಡಲು ಒಪ್ಪಿಸಿದರೆ ನಿಮ್ಮ ಅರ್ಧ ಕೆಲಸ ಮುಗಿದಂತೆ.

ಒಪ್ಪಿಸುವುದು ಸುಲಭವಲ್ಲ. ನಮ್ಮ ಮಾಳಿ ಕಾಕಾಗೆ ಹುಲ್ಲು ಉದ್ದವಾದರೆ ತಮ್ಮ ಮೇಲೆ ಮಾತು ಬರುತ್ತದೆ ಎಂಬ ಭಯ. “ಕಾಕಾ, ಆ ಗೋಡೆ ಪಕ್ಕದ್ದು ಬಿಡಿ, ಯಾರಾದರೂ ಕೇಳಿದರೆ ನನ್ನ ಹೆಸರು ಹೇಳಿ” ಅಂದೆ. ಒಂದು ಸಂಜೆ ಅವರನ್ನೇ ಕರೆದು ಎಲೆಗಳ ಮಧ್ಯದಿಂದ ಚಿಟ್ಟೆ ಏಳುವುದನ್ನು ತೋರಿಸಿದೆ. ಮಾರನೆಯ ವಾರದಿಂದ ಅವರೇ ಆ ಮೂಲೆಗೆ ಯಾರೂ ಪೊರಕೆ ಹಾಕದಂತೆ ನೋಡಿಕೊಳ್ಳುತ್ತಿದ್ದಾರೆ. ಕಮಿಟಿಗೆ ಪತ್ರ ಕೊಡುವ ಮೊದಲು ಮಾಳಿಗೆ ಚಿಟ್ಟೆ ತೋರಿಸಿ, ಇದು ನನ್ನ ಸಲಹೆ. ಮೂಲೆ ಮಾತ್ರ ದಾರಿಯಿಂದ, ಮಕ್ಕಳು ಆಡುವ ಜಾಗದಿಂದ ದೂರ ಇರಲಿ. ಎಲೆ ರಾಶಿಗೆ ಕೈ ಹಾಕುವಾಗ ಮೊದಲು ಕೋಲಿನಿಂದ ಸರಿಸಿ ನೋಡಿ, ಮಳೆಗಾಲದಲ್ಲಿ ಹಾವು ಇರಬಹುದು.

ಬಾಳೆಹಣ್ಣಿನ ತಟ್ಟೆ

ಇದೇ ಮುಖ್ಯ ಕೆಲಸ. ಕಪ್ಪಾಗಿ ಮೆತ್ತಗಾದ ಬಾಳೆಹಣ್ಣು ಮೂರು ನಾಲ್ಕು ಬೇಕು. ಇಲ್ಲಿ ವೆಲ್ಚಿ ಅಂತ ಮಾರುತ್ತಾರಲ್ಲ, ನಮ್ಮ ಏಲಕ್ಕಿ ಬಾಳೆ, ಅದು ಬೇಗ ಹುಳಿ ಬರುತ್ತದೆ. ದೊಡ್ಡ ಬಾಳೆಯೂ ಆಗುತ್ತದೆ. ಸಂಜೆ ಹೊತ್ತಿಗೆ ಹಣ್ಣಿನ ಗಾಡಿಯವರನ್ನು ಕೇಳಿದರೆ ಉಳಿದದ್ದನ್ನು ಪುಕ್ಕಟೆ ಕೊಡುತ್ತಾರೆ. ಸಿಪ್ಪೆ ಸಮೇತ ಹಿಸುಕಿ, ನಿಂಬೆ ಗಾತ್ರದ ಬೆಲ್ಲ ಸೇರಿಸಿ, ಸ್ವಲ್ಪ ನೀರು ಚಿಮುಕಿಸಿ ಒಂದು ಡಬ್ಬಿಯಲ್ಲಿ ಎರಡು ಮೂರು ದಿನ ಇಡಿ. ಮುಚ್ಚಳ ಬಿಗಿ ಮಾಡಬೇಡಿ. ಹುಳಿ ಬರುವಾಗ ಗಾಳಿ ಕಟ್ಟುತ್ತದೆ, ನಮ್ಮಲ್ಲಿ ಒಮ್ಮೆ ಮುಚ್ಚಳ ಹಾರಿ ಇಡೀ ಅಡುಗೆಮನೆ ಗೋಡೆ ತೊಳೆಯಬೇಕಾಯಿತು. ಹೆಂಡದ ತರಹ ವಾಸನೆ ಬಂದಾಗ ಸಿದ್ಧ ಅಂತ ತಿಳಿಯಿರಿ. ಕೆಲವರು ಬಿಯರ್ ಸೇರಿಸುತ್ತಾರೆ, ಅದರ ಅಗತ್ಯವೇ ಇಲ್ಲ, ಮುಂಬೈಯ ಸೆಖೆಗೆ ಹಣ್ಣು ತಾನಾಗಿಯೇ ಹುದುಗುತ್ತದೆ. ಮೇ ತಿಂಗಳಲ್ಲಾದರೆ ಮಾವಿನ ಗೊರಟು, ಹಲಸಿನ ರಚ್ಚೆ, ಅನಾನಸಿನ ಸಿಪ್ಪೆ ಯಾವುದೂ ನಡೆಯುತ್ತದೆ.

ತಟ್ಟೆ ಎಲ್ಲಿ ಇಡಬೇಕು? ನೆರಳಿನಲ್ಲಿ, ನೆಲದಿಂದ ಒಂದೆರಡು ಅಡಿ ಎತ್ತರದಲ್ಲಿ, ಗಿಡಗಳ ಪಕ್ಕ. ಬಯಲಿನಲ್ಲಿ ಇಟ್ಟರೆ ಇವು ಬರುವುದಿಲ್ಲ, ಹಿಂದೆ ಎಲೆಯ ಮರೆ ಬೇಕು. ಅಡುಗೆಮನೆ ಕಿಟಕಿಯಿಂದ ದೂರ ಇರಲಿ, ಇಲ್ಲವಾದರೆ ಹಣ್ಣಿನ ನೊಣ ಮನೆಯೊಳಗೆ ಸೇರುತ್ತದೆ.

ಇರುವೆಯೇ ದೊಡ್ಡ ಕಾಟ. ಹತ್ತು ನಿಮಿಷದಲ್ಲಿ ತಟ್ಟೆ ಕಪ್ಪಾಗಿಬಿಡುತ್ತದೆ, ಇರುವೆ ತುಂಬಿದ ಹಣ್ಣಿನ ಮೇಲೆ ಚಿಟ್ಟೆ ಕೂರುವುದಿಲ್ಲ. ಊರಿನಲ್ಲಿ ಹಾಲಿನ ಪಾತ್ರೆಗೆ ಮಾಡುವ ಉಪಾಯವೇ ಇಲ್ಲಿಯೂ: ದೊಡ್ಡ ತಟ್ಟೆಯಲ್ಲಿ ನೀರು, ಅದರ ನಡುವೆ ಹಣ್ಣಿನ ತಟ್ಟೆ. ಆದರೆ ಆ ನೀರನ್ನು ದಿನಾ ಚೆಲ್ಲಲೇಬೇಕು, ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥದ್ದರಲ್ಲೇ. ಮಳೆಗಾಲದಲ್ಲಿ ಪಾಲಿಕೆಯವರು ನಿಂತ ನೀರು ನೋಡಲು ಬಂದಾಗ ಅವರಿಗೆ ಬೈಯುವ ಕಾರಣ ಕೊಡಬೇಡಿ. ಕತ್ತಲಾದ ಮೇಲೆ ತಟ್ಟೆ ಒಳಗೆ ತನ್ನಿ, ಇಲಿ ಹೆಗ್ಗಣ ಬರುತ್ತವೆ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ, ಏಕೆಂದರೆ ಒಮ್ಮೆ ಹೆಗ್ಗಣ ಕಂಡರೆ ಪಕ್ಕದ ಮನೆಯವರು ಮತ್ತೆಂದೂ ನಿಮ್ಮ ಚಿಟ್ಟೆ ಕಥೆ ಕೇಳುವುದಿಲ್ಲ.

ಯಾವಾಗ ನೋಡಬೇಕು

ಗಡಿಯಾರ ಬೇಡ, ಬೆಳಕು ನೋಡಿ. ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲಿನಿಂದ ಪೂರ್ತಿ ಕತ್ತಲಾಗುವವರೆಗೆ. ಮುಂಬೈಯಲ್ಲಿ ಜೂನಿನಲ್ಲಿ ಸೂರ್ಯ ಮುಳುಗುವುದು ಏಳೂಕಾಲಿನ ಹೊತ್ತಿಗೆ, ನವೆಂಬರಿನಲ್ಲಿ ಆರಕ್ಕೇ. ಬೆಳಗಿನ ಜಾವವೂ ಹಾರುತ್ತವೆ, ಆದರೆ ಲೋಕಲ್ ಹಿಡಿಯುವ ಗಡಿಬಿಡಿಯಲ್ಲಿ ಯಾರು ನೋಡುತ್ತಾರೆ? ಹಗಲಿನಲ್ಲಿ ಒಣ ಎಲೆಗಳ ಮೇಲೆ ರೆಕ್ಕೆ ಮುಚ್ಚಿ ಕುಳಿತಿರುತ್ತವೆ. ನೀವು ತುಳಿಯುವಷ್ಟು ಹತ್ತಿರ ಹೋದಾಗ ಮಾತ್ರ ಎದ್ದು, ನಾಲ್ಕಾರು ಅಡಿ ಎಡವಟ್ಟಾಗಿ ಹಾರಿ ಮತ್ತೆ ಎಲೆಗಳಲ್ಲಿ ಮಾಯ. ಅದು ಇಳಿದ ಜಾಗ ಬಿಟ್ಟು ಕಣ್ಣು ಕದಲಿಸಬೇಡಿ, ಕದಲಿಸಿದರೆ ಮತ್ತೆ ಸಿಗುವುದಿಲ್ಲ.

ತಟ್ಟೆಯ ಬಳಿ ಬಂದ ಮೇಲೆ ನಿಧಾನವಾಗಿ ಹೋಗಿ, ಬಗ್ಗಿಕೊಂಡು. ಕುಡಿಯಲು ಶುರುಮಾಡಿದ ಚಿಟ್ಟೆ ಸುಲಭಕ್ಕೆ ಏಳುವುದಿಲ್ಲ. ಫ್ಲ್ಯಾಶ್ ಬೇಡ. ಟಾರ್ಚಿಗೆ ಮಕ್ಕಳ ಕ್ರಾಫ್ಟಿನ ಕೆಂಪು ಜಿಲೆಟಿನ್ ಕಾಗದ ಸುತ್ತಿಕೊಳ್ಳಿ, ಸಾಕಷ್ಟು ಕಾಣುತ್ತದೆ.

ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ, ಆರೆ ಕಾಲೊನಿಯಲ್ಲಿ ಇರುವವರಿಗೆ ಒಂದು ಎಚ್ಚರಿಕೆ: ಚಿಟ್ಟೆ ಹಾರುವ ಹೊತ್ತೇ ಚಿರತೆ ತಿರುಗುವ ಹೊತ್ತು. ಮುಸ್ಸಂಜೆಯಲ್ಲಿ ಪೊದೆಗಳ ಪಕ್ಕ ಒಬ್ಬರೇ ಬಗ್ಗಿ ಕೂರಬೇಡಿ, ಮಕ್ಕಳನ್ನಂತೂ ಖಂಡಿತ ಕಳಿಸಬೇಡಿ. ನಾವು ಮನೆಯ ಹಿಂದೆ ನೋಡುವಾಗಲೂ ಇಬ್ಬರು ಇರುತ್ತೇವೆ, ಲೈಟ್ ಹಾಕಿರುತ್ತೇವೆ.

ಬಂದದ್ದು ಯಾವುದು?

ಸಂಜೆ ಚಿಟ್ಟೆಯ ಮುಂದಿನ ರೆಕ್ಕೆಯ ಮೇಲ್ಭಾಗದಲ್ಲಿ, ತುದಿಯ ಹತ್ತಿರ, ಒಂದು ದೊಡ್ಡ ಕಪ್ಪು ಚುಕ್ಕೆ. ಅದರೊಳಗೆ ಎರಡು ಬಿಳಿ ಬೊಟ್ಟು, ಪಕ್ಕದಲ್ಲಿ ಕಿತ್ತಳೆ ಬಣ್ಣ. ಆದರೆ ಇದು ಕಾಣುವುದು ಹಾರುವಾಗ ಕ್ಷಣ ಮಾತ್ರ. ಕುಳಿತಾಗ ಕಾಣುವ ಅಡಿಭಾಗವೇ ನಿಜವಾದ ಕಥೆ. ಮಳೆಗಾಲದಲ್ಲಿ ಹುಟ್ಟಿದ ಚಿಟ್ಟೆಗೆ ರೆಕ್ಕೆಯಂಚಿನ ಉದ್ದಕ್ಕೂ ಉಂಗುರದ ಕಣ್ಣುಗಳ ಸಾಲು. ಒಣ ಕಾಲದಲ್ಲಿ ಹುಟ್ಟಿದ್ದಕ್ಕೆ ಆ ಕಣ್ಣುಗಳೇ ಇಲ್ಲ ಅನ್ನುವಷ್ಟು ಮಸುಕು, ಬರೀ ಒಣ ಎಲೆಯ ಬಣ್ಣ, ಅದೂ ಒಂದರ ಹಾಗೆ ಇನ್ನೊಂದಿಲ್ಲ. ಎರಡೂ ಒಂದೇ ಜಾತಿ. ಮರಿಹುಳವಾಗಿದ್ದಾಗ ಸಿಕ್ಕ ಹವೆ ಹೇಗಿತ್ತು ಎಂಬುದರ ಮೇಲೆ ರೆಕ್ಕೆಯ ಚಿತ್ರ ಬದಲಾಗುತ್ತದೆ. ಹಸಿರು ತುಂಬಿದ ಕಾಲದಲ್ಲಿ ಓಡಾಟ ಜಾಸ್ತಿ, ಹಕ್ಕಿಯ ಏಟನ್ನು ರೆಕ್ಕೆಯ ಅಂಚಿಗೆ ತಿರುಗಿಸಲು ಕಣ್ಣು ಬೇಕು. ಎಲ್ಲ ಒಣಗಿದ ಕಾಲದಲ್ಲಿ ಕಣ್ಣಿದ್ದರೆ ಸಿಕ್ಕಿಬೀಳುತ್ತದೆ, ಅಡಗಿ ಕೂರುವುದೇ ಲೇಸು. ನಾನು ಮೊದಲ ಎರಡು ವರ್ಷ ಇವನ್ನು ಬೇರೆ ಬೇರೆ ಚಿಟ್ಟೆ ಅಂತಲೇ ಬರೆದಿಟ್ಟಿದ್ದೆ.

ಅಂಚಿನ ಸಣ್ಣ ಕಣ್ಣಿಗೂ ಗೂಬೆ ಚಿಟ್ಟೆಯ ದೊಡ್ಡ ಕಣ್ಣಿಗೂ ಕೆಲಸ ಬೇರೆ ಇರಬಹುದು. ದೊಡ್ಡದು ಹೆದರಿಸಲು, ಸಣ್ಣದು ದಾರಿ ತಪ್ಪಿಸಲು ಎಂಬುದು ಒಂದು ವಾದ. ಹೆದರಿಸುವುದು ನಿಜ ಅನ್ನುವುದಕ್ಕೆ ಯುರೋಪಿನ ಪೀಕಾಕ್ ಬಟರ್‌ಫ್ಲೈ ಮೇಲೆ 2005ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ಕಣ್ಣುಚುಕ್ಕೆ ಹಾಗೇ ಇದ್ದ 34 ಚಿಟ್ಟೆಗಳಲ್ಲಿ ಹಕ್ಕಿಗಳು ಕೊಂದದ್ದು ಒಂದನ್ನು ಮಾತ್ರ. ಬಣ್ಣ ಬಳಿದು ಕಣ್ಣು ಮುಚ್ಚಿದ 20ರಲ್ಲಿ 13 ಸತ್ತವು. ನಿಮ್ಮ ತಟ್ಟೆಗೆ ಬಂದ ಚಿಟ್ಟೆಗಳ ರೆಕ್ಕೆಯಂಚನ್ನು ಗಮನಿಸಿ, ಕಣ್ಣಿದ್ದ ಕಡೆ ಕಚ್ಚಿ ಹರಿದಂತೆ ಇದ್ದರೆ ಅದು ಹಕ್ಕಿಗೋ ಹಲ್ಲಿಗೋ ತಪ್ಪಿಸಿಕೊಂಡು ಬಂದದ್ದಿರಬಹುದು.

ಸಂಜೆ ಚಿಟ್ಟೆಯ ಜೊತೆ ಬುಷ್‌ಬ್ರೌನ್‌ಗಳೂ ಬರುತ್ತವೆ. ಅರ್ಧದಷ್ಟು ಗಾತ್ರ, ಕಣ್ಣುಗಳ ಸಾಲು ಬಹಳ ಸ್ಪಷ್ಟ. ತೆಂಗು, ಅಡಿಕೆ ಜಾತಿಯ ಗಿಡಗಳಿದ್ದರೆ ಪಾಮ್‌ಫ್ಲೈ ಕೂಡ. ಇನ್ನು ಕೈಯಗಲದ ಕಂದು ಜೀವಿಯೊಂದು ರಾತ್ರಿ ಗೋಡೆಗೆ ರೆಕ್ಕೆ ಚಪ್ಪಟೆ ಹರಡಿ ಕುಳಿತಿದ್ದು, ಮುಂದಿನ ರೆಕ್ಕೆಗಳಲ್ಲಿ ಒಂದೊಂದು ದುಂಡು ಕಣ್ಣಿದ್ದರೆ ಅದು ಚಿಟ್ಟೆಯಲ್ಲ, ಔಲ್ ಮಾತ್ ಎಂಬ ಪತಂಗ. ಮೀಸೆ ನೋಡಿದರೆ ಗೊತ್ತಾಗುತ್ತದೆ: ಚಿಟ್ಟೆಯ ಮೀಸೆಯ ತುದಿ ಬೆಂಕಿಕಡ್ಡಿಯ ಹಾಗೆ ದಪ್ಪ, ಪತಂಗದ್ದು ಹಾಗಲ್ಲ. ಅದನ್ನು ಅಪಶಕುನ ಅಂತ ಪೊರಕೆಯಿಂದ ಹೊಡೆಯುವವರಿದ್ದಾರೆ. ದಯವಿಟ್ಟು ಬೇಡ, ಬೆಳಗಾಗುವುದರೊಳಗೆ ಅದೇ ಹೋಗುತ್ತದೆ.

ಹಣ್ಣಿನ ತಟ್ಟೆ ಇಡಲಾಗದವರಿಗೆ

ಎತ್ತರದ ಅಂತಸ್ತು, ಬಿಸಿಲು ಬೀಳುವ ಬಾಲ್ಕನಿ ನಿಮ್ಮದಾದರೆ ಪ್ಯಾನ್ಸಿ ಚಿಟ್ಟೆಗಳನ್ನು ಕರೆಯಿರಿ. ಪೀಕಾಕ್ ಪ್ಯಾನ್ಸಿ, ಲೆಮನ್ ಪ್ಯಾನ್ಸಿ, ಬ್ಲೂ ಪ್ಯಾನ್ಸಿ. ಇವು ಬಿಸಿಲಿನವು, ರೆಕ್ಕೆ ಬಿಚ್ಚಿ ಕೂರುತ್ತವೆ, ಕಣ್ಣುಗಳು ಮೇಲೇ ಕಾಣುತ್ತವೆ. ಒಂದು ಕುಂಡದಲ್ಲಿ ಗೋರಟೆ ಹಾಕಿ, ಮರಾಠಿಯಲ್ಲಿ ಕೋರಾಂಟಿ ಅಂದರೆ ನರ್ಸರಿಯವರಿಗೆ ಗೊತ್ತಾಗುತ್ತದೆ. ಲೆಮನ್ ಪ್ಯಾನ್ಸಿ, ಬ್ಲೂ ಪ್ಯಾನ್ಸಿ ಇದರ ಎಲೆಗೆ ಮೊಟ್ಟೆ ಇಡುತ್ತವೆ. ಎಲೆ ತೂತಾದರೆ ಔಷಧಿ ಹೊಡೆಯಬೇಡಿ, ಅದಕ್ಕೇ ತಾನೆ ಗಿಡ ನೆಟ್ಟದ್ದು. ಪುಣೆಯವರಿಗೆ ಇದು ಇನ್ನೂ ಸುಲಭ, ವೇತಾಳ ಟೇಕಡಿಯಂಥ ಒಣ ಬಯಲುಗುಡ್ಡ ಪ್ಯಾನ್ಸಿಗಳಿಗೆ ಹೇಳಿಮಾಡಿಸಿದ ಜಾಗ. ಗೋವಾದವರಿಗೆ ಹಿತ್ತಿಲಲ್ಲಿ ಬಿದಿರು ಮೆಳೆ ಇದ್ದರೆ ಸದರ್ನ್ ಡಫರ್ ನೋಡುವ ಅದೃಷ್ಟವೂ ಇರಬಹುದು. ಅದೂ ಮುಸ್ಸಂಜೆಯದೇ, ಬಹಳ ನಾಚಿಕೆಯದು, ಹಣ್ಣಿಗೆ ಬರುತ್ತದೆ.

ಕಲಿಯಲು ಹೋಗುವುದಾದರೆ ಗೋರೆಗಾಂವ್ ಫಿಲ್ಮ್ ಸಿಟಿ ಪಕ್ಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಶಿಕ್ಷಣ ಕೇಂದ್ರವಿದೆ, ಠಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ ಓವಳೇಕರ್ ವಾಡಿ ಚಿಟ್ಟೆ ತೋಟವಿದೆ. ಹೋಗುವ ಮೊದಲು ತೆರೆದಿರುವ ದಿನ ಕೇಳಿಕೊಳ್ಳಿ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಒಳ್ಳೆಯ ಕಾಲ.

ಮರಿಹುಳ ಸಾಕುವುದಾದರೆ

ತಟ್ಟೆಗೆ ಬರುವ ಚಿಟ್ಟೆ ಅಲ್ಲೇ ಉಳಿಯಬೇಕಾದರೆ ಹುಲ್ಲು ಬೇಕು. ಊರಿಗೆ ಹೋದಾಗ ಒಂದು ಹಿಡಿ ಬೀಜದ ಭತ್ತ ತಂದು ಅಗಲ ಕುಂಡದಲ್ಲಿ ಚೆಲ್ಲಿ. ಅಂಗಡಿಯ ಅಕ್ಕಿ ಮೊಳೆಯುವುದಿಲ್ಲ. ಬಿತ್ತನೆಗೆ ಔಷಧಿ ಸವರಿದ ಬೀಜ ಬೇಡ. ಜೋಳವೂ ಆಗುತ್ತದೆ. ಪೈರು ಒಂದು ಮೊಳ ಬೆಳೆದಾಗ ಕುಂಡವನ್ನು ತಟ್ಟೆಯ ಹತ್ತಿರ, ಅರೆನೆರಳಿನಲ್ಲಿ ಇಡಿ. ಎಲೆಯಂಚು ನೇರವಾಗಿ ಕತ್ತರಿಸಿದಂತೆ ಕಂಡರೆ ಅಡಿಭಾಗ ನೋಡಿ. ಹುಲ್ಲಿನದೇ ಹಸಿರು ಮೈ, ತಲೆಯ ಮೇಲೆ ಎರಡು ಪುಟ್ಟ ಕೊಂಬು. ಮೈಗೆ ತುರಿಕೆ ತರುವ ಕಂಬಳಿಹುಳ ಅಲ್ಲ, ಹೆದರಬೇಕಾಗಿಲ್ಲ.

ಅದನ್ನು ಕುಂಡದಲ್ಲೇ ಬಿಟ್ಟರೆ ಒಳ್ಳೆಯದು. ಮಕ್ಕಳಿಗೆ ಹತ್ತಿರದಿಂದ ತೋರಿಸುವ ಆಸೆಯಿದ್ದರೆ ಒಂದು ಅಥವಾ ಎರಡು ಮಾತ್ರ ಒಳಗೆ ತನ್ನಿ. ಮೊದಲ ಸಲ ನಾನು ಉಪ್ಪಿನಕಾಯಿ ಬಾಟಲಿಯಲ್ಲಿ ಮುಚ್ಚಳ ಹಾಕಿ, ನಾಲ್ಕು ತೂತು ಕೊರೆದು ಇಟ್ಟೆ. ಜುಲೈ ತಿಂಗಳು, ಒಳಗೆಲ್ಲ ಬೆವರು, ಮೂರನೇ ದಿನಕ್ಕೆ ಹುಲ್ಲಿಗೆ ಬೂಸ್ಟು ಹಿಡಿದು ಹುಳ ಸತ್ತುಹೋಯಿತು. ಮಗಳು ಎರಡು ದಿನ ಮಾತಾಡಲಿಲ್ಲ. ಅಂದಿನಿಂದ ಅಗಲ ಡಬ್ಬಿ, ಮೇಲೆ ಹಳೆಯ ಸೊಳ್ಳೆಪರದೆಯ ತುಂಡು, ರಬ್ಬರ್ ಬ್ಯಾಂಡ್. ತಳಕ್ಕೆ ಟಿಶ್ಯೂ ಕಾಗದ, ದಿನಾ ಹಿಕ್ಕೆ ಸಮೇತ ಬದಲಿಸಬೇಕು. ಹುಲ್ಲು ದಿನಾ ಹೊಸದು, ಒರೆಸಿ ಒಣಗಿಸಿದ್ದು. ಸೊಳ್ಳೆಗೆ ಧೂಮ ಹೊಡೆದ ಜಾಗದ ಹುಲ್ಲು ಯಾವತ್ತೂ ಬೇಡ.

ಎರಡು ಮೂರು ವಾರದಲ್ಲಿ ಅದು ತಲೆಕೆಳಗಾಗಿ ನೇತುಬಿದ್ದು ಹಸಿರು ಕೋಶವಾಗುತ್ತದೆ. ಆಗ ಮುಟ್ಟಬೇಡಿ. ಕೋಶದ ಕೆಳಗೆ ಒಂದು ಗೇಣಾದರೂ ಖಾಲಿ ಜಾಗ ಇರಬೇಕು, ಹೊರಬಂದ ಚಿಟ್ಟೆ ನೇತಾಡುತ್ತಾ ರೆಕ್ಕೆ ಬಿಚ್ಚುತ್ತದೆ, ಜಾಗ ಸಿಗದಿದ್ದರೆ ರೆಕ್ಕೆ ಮುದುಡಿ ಹಾಗೇ ಗಟ್ಟಿಯಾಗಿ ಆಯುಷ್ಯಪೂರ್ತಿ ಹಾರಲಾರದು. ಕೋಶದ ಬಣ್ಣ ಕಪ್ಪಾಗಿ ಒಳಗಿನ ರೆಕ್ಕೆ ಕಂಡರೆ ಮಾರನೆಯ ದಿನ ಹೊರಬರುತ್ತದೆ ಅಂತ ಲೆಕ್ಕ. ಹೊರಬರಲು ಕಷ್ಟಪಡುತ್ತಿದೆ ಅಂತ ಸಹಾಯ ಮಾಡಲು ಹೋಗಬೇಡಿ. ಬಂದ ಮೇಲೆ ಕೆಳಗೆ ಬಣ್ಣದ ನೀರಿನ ಹನಿ ಬೀಳುತ್ತದೆ, ಮಕ್ಕಳು ರಕ್ತ ಅಂದುಕೊಳ್ಳುತ್ತಾರೆ, ಅದು ಕೋಶದಲ್ಲಿದ್ದಾಗ ಸೇರಿದ್ದ ಕಲ್ಮಶ ಅಷ್ಟೇ. ಕೆಲವೊಮ್ಮೆ ಕೋಶದಿಂದ ಚಿಟ್ಟೆಯ ಬದಲು ಸಣ್ಣ ಕಣಜಗಳು ಬರುತ್ತವೆ. ಬೇಸರವಾಗುತ್ತದೆ, ಆದರೆ ಅವೂ ಆ ತೋಟದವೇ.

ಸಂಜೆ ಚಿಟ್ಟೆಯನ್ನು ಸಂಜೆಯೇ ಬಿಡಿ, ಆ ಎಲೆಗಳ ಮೂಲೆಯಲ್ಲಿ. ಮಧ್ಯಾಹ್ನ ಬಿಟ್ಟರೆ ಕಾಗೆಗೆ ಊಟ.

ಒಂದು ಮಾತು ಉಳಿಯಿತು. ಇಷ್ಟೆಲ್ಲ ಮಾಡಿದ ಮೇಲೆ ಒಂದಲ್ಲ ಒಂದು ಸಂಜೆ ಟ್ಯೂಬ್‌ಲೈಟಿನ ಬೆಳಕಿಗೆ ಚಿಟ್ಟೆ ಮನೆಯೊಳಗೇ ಬರುತ್ತದೆ. ಓಡಿಸಲು ಟವೆಲ್ ಹಿಡಿಯಬೇಡಿ. ಮೊದಲು ಫ್ಯಾನ್ ಆರಿಸಿ, ಫ್ಯಾನಿಗೆ ಸಿಕ್ಕಿ ಸತ್ತದ್ದನ್ನು ಎರಡು ಸಲ ನೋಡಿದ್ದೇನೆ. ಆಮೇಲೆ ಲೈಟ್ ಆರಿಸಿ, ಕಿಟಕಿ ಪೂರ್ತಿ ತೆಗೆದು ಹೊರಗಿನ ಲೈಟ್ ಹಾಕಿ. ಐದು ನಿಮಿಷ ಕತ್ತಲಲ್ಲಿ ಸುಮ್ಮನೆ ಕೂತಿರಿ, ಹೋಗುತ್ತದೆ.